ಕೊಳವೆ ಹಿಡಿದ ಬೆರಳು

ಈ ಕಥೆಯಲ್ಲಿ ಪವಾಡ ಇಲ್ಲ. ಪವಾಡದ ಹಾಗೆ ಕಾಣುವ ಒಂದು ತಾಮ್ರದ ಕೊಳವೆ ಇದೆ, ಅಷ್ಟೆ.

ಕಪಿಲೆಯ ದಡದಲ್ಲಿ ದೇವಮ್ಮಣ್ಣಿ ಅಂತ ಒಬ್ಬರಿದ್ದರು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಮಾತು ಕಡಿಮೆ. ಸುಮ್ಮನೆ ಕೂತಾಗ ಬಲಗೈಯ ತೋರುಬೆರಳನ್ನು ನೀವಿಕೊಳ್ಳುವ ಚಾಳಿ ಇತ್ತು. ಸೀಮೆಸುಣ್ಣ ಹಿಡಿದೂ ಹಿಡಿದೂ ಹಾಗಾಗಿರಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು.

ಮೇಷ್ಟ್ರಾಗಬೇಕು ಅನ್ನುವವರು ಅವರ ಮನೆಯಲ್ಲೇ ಇದ್ದು, ನೀರು ಹೊತ್ತು, ಸೌದೆ ಒಡೆದು, ಪಾಠ ಮಾಡುವುದನ್ನು ಕಲಿಯುತ್ತಿದ್ದರು. ಊರಿನವರು ಆ ಮನೆಯನ್ನು ಆಶ್ರಮ ಅನ್ನುತ್ತಿದ್ದರು. ಆಶ್ರಮ ಅಂದಮೇಲೆ ಜಿಂಕೆ ಇರಬೇಕಲ್ಲ, ಇರಲಿಲ್ಲ. ಒಂದು ಕುಂಟ ಆಡು ಇತ್ತು.

ಆ ಮನೆಗೆ ಒಂದು ಕಟ್ಟಳೆ. ಶನಿವಾರ ಬೆಳಿಗ್ಗೆ ಊರಿನ ಶಾಲೆಯ ಮಕ್ಕಳು ಬಂದು ಜಗಲಿಯ ಮೇಲೆ ಕೂರುತ್ತಾರೆ. ಕಲಿಯುವವನು ಅವರ ಮುಂದೆ ಒಂದು ಪ್ರಯೋಗ ಮಾಡಿ ತೋರಿಸಬೇಕು. ಮಕ್ಕಳು ಚಪ್ಪಾಳೆ ತಟ್ಟಿದರೆ ಸಾಲದು. ಹೇಳಿಕೊಟ್ಟ ಪಾಠ ತಿರುಗಿ ಒಪ್ಪಿಸಿದರೂ ಸಾಲದು. ಒಂದು ಮಗುವಾದರೂ ತಾನಾಗಿ ಒಂದು ಪ್ರಶ್ನೆ ಕೇಳಬೇಕು. ಕೇಳಿದರೆ ಅವತ್ತಿಂದ ಅವನು ಮೇಷ್ಟ್ರು. ಕೇಳದಿದ್ದರೆ ಮತ್ತೆ ಸೌದೆ.

ಗುರುಮಲ್ಲ ಮೂರು ವರ್ಷದಿಂದ ಸೌದೆ ಒಡೆಯುತ್ತಿದ್ದ.

ದಡ್ಡನೇನಲ್ಲ. ಅವನಿಗೆ ಎಲ್ಲಾ ಗೊತ್ತಿತ್ತು. ಗೊತ್ತಿದ್ದದ್ದು ಬಾಯಲ್ಲಿ ನಿಲ್ಲುತ್ತಿರಲಿಲ್ಲ, ತೊಂದರೆ ಇದ್ದದ್ದು ಅಲ್ಲಿ.

ನದಿಯಾಚೆ ಒಂದು ಶಾಲೆ. ಅವನು ಓದಿದ್ದು ಅಲ್ಲೇ. ಆ ಶಾಲೆಗೆ ವಿಜ್ಞಾನದ ಮೇಷ್ಟ್ರಿಲ್ಲದೆ ಬಹಳ ದಿನವಾಗಿತ್ತು. ದೇವಮ್ಮಣ್ಣಿ ಕಳಿಸಿದವರನ್ನು ಅವರು ಎರಡನೇ ಮಾತಿಲ್ಲದೆ ತೆಗೆದುಕೊಳ್ಳುತ್ತಿದ್ದರು. ಗುರುಮಲ್ಲನಿಗೆ ಅಲ್ಲಿಗೆ ಹೋಗಬೇಕು ಅನ್ನುವುದು ಬಿಟ್ಟು ಬೇರೆ ಆಸೆ ಇರಲಿಲ್ಲ.

ಅವನ ಅಣ್ಣನಿಗೆ ಹಿಟ್ಟಿನ ಗಿರಣಿ. ಆ ತಿಂಗಳು ಬಂದು ಹೇಳಿಹೋಗಿದ್ದ: "ಈ ತಿಂಗಳು ಕಳೆಯೋದರೊಳಗೆ ಮೇಷ್ಟ್ರಾಗಲಿಲ್ಲ ಅಂದ್ರೆ ಬಂದು ಗಿರಣಿ ನೋಡ್ಕೊ. ರಾಗಿ ಬೀಸೋಕೆ ಯಾರ ಪ್ರಶ್ನೇನೂ ಬೇಕಾಗಿಲ್ಲ."

ಆ ಸಲ ದೇವಮ್ಮಣ್ಣಿ ಅವನ ಕೈಗೆ ಕೊಟ್ಟದ್ದು ತೋಳುದ್ದದ ತಾಮ್ರದ ಕೊಳವೆ. ಮೇಲ್ತುದಿಗೆ ದಾರದ ಕುಣಿಕೆ ಕಟ್ಟಿತ್ತು, ಬೆರಳಿಗೆ ಹಾಕಿ ನೇತುಬಿಡಲಿಕ್ಕೆ. ಜೊತೆಗೆ ಕೊಳವೆಯೊಳಗೆ ಸಲೀಸಾಗಿ ಇಳಿಯುವ ಒಂದು ಕಬ್ಬಿಣದ ತುಂಡು, ಅದೇ ಗಾತ್ರದ ಒಂದು ಅಯಸ್ಕಾಂತ. ಅಯಸ್ಕಾಂತ ಕೈಗೆ ಚೆನ್ನಾಗಿ ಭಾರ ಬರುತ್ತಿತ್ತು.

ಶನಿವಾರ ಮಕ್ಕಳು ಬಂದರು.

ಗುರುಮಲ್ಲ ಅಯಸ್ಕಾಂತವನ್ನು ಎತ್ತಿ ಹಿಡಿದ.

"ನೋಡಿ ಮಕ್ಕಳೇ, ತಾಮ್ರಕ್ಕೆ ಅಯಸ್ಕಾಂತ ಅಂಟಲ್ಲ. ಆದರೆ ಅಯಸ್ಕಾಂತ ತಾಮ್ರದ ಪಕ್ಕ ಓಡಿದಾಗ ತಾಮ್ರದೊಳಗೆ ಸುಳಿಸುಳಿಯಾಗಿ ವಿದ್ಯುತ್ತು ಹುಟ್ಟುತ್ತೆ. ಆ ಸುಳಿಗಳು ತಾವೇ ಅಯಸ್ಕಾಂತದ ಹಾಗಾಗಿ ಬೀಳೋದನ್ನ ತಡೀತವೆ. ಅದಕ್ಕೇ ಇದು ನಿಧಾನವಾಗಿ ಬೀಳುತ್ತೆ. ಕೆಲವು ರೈಲುಗಳಿಗೆ ಬ್ರೇಕು ಹಾಕೋದೂ ಹೀಗೇನೆ. ಈಗ ನೋಡಿ."

ಬಿಟ್ಟ. ಅವನು ಹೇಳಿದ ಹಾಗೇ ಅದು ನಿಧಾನವಾಗಿ ಬಿತ್ತು.

ಮಕ್ಕಳು ಚಪ್ಪಾಳೆ ತಟ್ಟಿದರು.

"ಏನಾದ್ರೂ ಪ್ರಶ್ನೆ ಇದ್ಯಾ?"

ಹಿಂದಿನ ಸಾಲಿನಿಂದ ಒಂದು ಕೈ ಮೇಲೆದ್ದಿತು. ಗುರುಮಲ್ಲನ ಜೀವ ಬಾಯಿಗೆ ಬಂತು.

"ಉಪ್ಪಿಟ್ಟು ಆಯ್ತಾ ಅಣ್ಣಾ?"

ಅದೂ ಒಂದು ಪ್ರಶ್ನೆಯೇ. ಆದರೆ ಕೊಳವೆಯ ಬಗ್ಗೆ ಅಲ್ಲ.

ಮಕ್ಕಳು ಹೋದ ಮೇಲೆ ಗುರುಮಲ್ಲ ಕೇಳಿದ: "ನಾನು ಹೇಳಿದ್ದರಲ್ಲಿ ಏನು ತಪ್ಪಿತ್ತಮ್ಮ?"

"ಏನೂ ಇರಲಿಲ್ಲ."

"ಮತ್ತೆ?"

"ಬಡಿಸೋನೇ ಎಲ್ಲಾ ಉಂಡುಬಿಟ್ರೆ ಪಂಕ್ತೀಲಿ ಕೂತೋರಿಗೆ ಏನುಳೀತು ಹೇಳು."

ಗುರುಮಲ್ಲ ಆ ಮಾತನ್ನು ಕೇಳಿಸಿಕೊಂಡ. ಆದರೆ ಕಣ್ಣ ಮುಂದೆ ಗಿರಣಿ ತಿರುಗುತ್ತಿತ್ತು. ಕೇಳಿಸಿಕೊಂಡದ್ದು ಒಳಗಿಳಿಯಲಿಲ್ಲ.

ಮುಂದಿನ ಶುಕ್ರವಾರ ಸಂಜೆ ನದಿಯ ಮೆಟ್ಟಿಲ ಹತ್ತಿರ ಮಾದೇವಿ ಸಿಕ್ಕಳು. ಏಳನೇ ಕ್ಲಾಸಿನ ಹುಡುಗಿ. ಹುಣಸೆಹಣ್ಣು ಚೀಪುತ್ತಾ ಕೂತಿದ್ದಳು. ಇವನು ಪಕ್ಕದಲ್ಲಿ ಕೂತ.

"ಮಾದೇವಿ, ನಂಗೊಂದು ಉಪಕಾರ ಮಾಡ್ತೀಯಾ?"

"ಏನಣ್ಣ?"

"ನಾಳೆ ಎದ್ದು ನಿಂತ್ಕೊಂಡು, 'ಅಣ್ಣಾ, ಇದು ಯಾಕೆ ಇಷ್ಟು ನಿಧಾನಕ್ಕೆ ಬಿತ್ತು?' ಅಂತ ಕೇಳ್ಬೇಕು."

"ಯಾಕೆ ಅಂತ ನೀವು ಹೋದ ವಾರಾನೇ ಹೇಳಿದ್ರಲ್ಲ."

"ಹೇಳಿದ್ದೆ. ಆದ್ರೂ ಕೇಳವ್ವ."

ಮಾದೇವಿ ಒಪ್ಪಿದಳು. ತುಂಬಾ ನಿಯತ್ತಿನ ಹುಡುಗಿ. ಮನೆಗೆ ಹೋಗುವ ದಾರಿಯಲ್ಲೂ ಹೇಳಿಕೊಂಡಳು, ಮುದ್ದೆ ಉಣ್ಣುವಾಗಲೂ ಹೇಳಿಕೊಂಡಳು, ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುವಾಗಲೂ ಹೇಳಿಕೊಂಡಳು.

ಶನಿವಾರ ಗುರುಮಲ್ಲ ಕೊಳವೆ ಹಿಡಿದು ಜಗಲಿಗೆ ಬಂದದ್ದೇ ತಡ, ಮಾದೇವಿ ಎದ್ದು ಕೈಕಟ್ಟಿ ನಿಂತಳು.

"ಅಣ್ಣಾ, ಇದು ಯಾಕೆ ಇಷ್ಟು ನಿಧಾನಕ್ಕೆ ಬಿತ್ತು?"

ಅಯಸ್ಕಾಂತ ಇನ್ನೂ ಗುರುಮಲ್ಲನ ಜೇಬಿನಲ್ಲೇ ಇತ್ತು.

ಜಗಲಿಯ ತುಂಬಾ ನಗು. ಯಾರೋ ಅಲ್ಲೇ "ಮುಂಗಡ ಮಾದೇವಿ" ಅಂತ ಹೆಸರಿಟ್ಟರು. ಅವಳು ಕೂತು ಮಂಡಿಯ ಮಧ್ಯೆ ಮುಖ ಇಟ್ಟುಕೊಂಡಳು. ಉಪ್ಪಿಟ್ಟು ತಿನ್ನದೆ ಮನೆಗೆ ಹೋದಳು.

ದೇವಮ್ಮಣ್ಣಿ ನಗಲಿಲ್ಲ. ಮಕ್ಕಳೆಲ್ಲ ಹೋಗುವವರೆಗೂ ಕಾದರು.

"ಆ ಮಗು ಅಳ್ತಾ ಹೋಯ್ತು. ನೋಡಿದ್ಯಾ?"

"ನೋಡಿದೆ ಅಮ್ಮ."

ನಾಚಿಕೆಯಿಂದ ಗುರುಮಲ್ಲನ ಕಿವಿ ಬಿಸಿಯಾಗಿತ್ತು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಬೈಯಲಿಲ್ಲ.

"ಇನ್ನೊಂದು ಶನಿವಾರ ಇದೆ ಅಲ್ವಾ, ನಿಮ್ಮಣ್ಣ ಕೊಟ್ಟ ಗಡುವಿಗೆ?"

"ಒಂದೇ ಇರೋದು. ಬೇರೆ ಪ್ರಯೋಗ ಕೊಡಿ ಅಮ್ಮ. ಈ ಕೊಳವೇದೆಲ್ಲಾ ಹೇಳಿ ಮುಗಿಸಿಬಿಟ್ಟಿದೀನಿ. ಇನ್ನು ಯಾರು ಏನು ಕೇಳ್ತಾರೆ?"

"ಮುಗಿದಿರೋದು ನಿನ್ನ ಮಾತು. ಕೊಳವೆ ಮುಗಿದಿಲ್ಲ."

ಅಯಸ್ಕಾಂತವನ್ನು ಅವನ ಅಂಗೈಯಲ್ಲಿಟ್ಟು ಅವರೇ ಮುಂದುವರಿಸಿದರು: "ಇದು ಕೊಳವೆಯೊಳಗೆ ನಿಲ್ಲಬೇಕು. ಗೋಂದು ಹಚ್ಚಬೇಡ, ಬಟ್ಟೆ ತುರುಕಬೇಡ. ತಾಮ್ರವೇ ನಿಲ್ಲಿಸಬೇಕು. ನಿಂತರೆ ಬಂದು ಹೇಳು."

ಗುರುಮಲ್ಲ ಕೂತ.

ಬಿಟ್ಟರೆ ನಿಧಾನವಾಗಿ ಬರುತ್ತಿತ್ತು, ನಿಲ್ಲುತ್ತಿರಲಿಲ್ಲ. ಕೊಳವೆಯ ಮೇಲೆ ಇನ್ನೊಂದು ದೊಡ್ಡ ತಾಮ್ರದ ಕೊಳವೆ ತೊಡಿಸಿ ಗೋಡೆ ದಪ್ಪ ಮಾಡಿದ. ಇನ್ನೂ ನಿಧಾನವಾಯಿತು, ನಿಲ್ಲಲಿಲ್ಲ. ಕಡ್ಡಿಯಿಂದ ಹಿಡಿದು ಕೊಳವೆಯ ನಡುವೆ ನಿಲ್ಲಿಸಿ, ಉಸಿರು ಬಿಗಿಹಿಡಿದು ಕಡ್ಡಿ ತೆಗೆದ. ಅದು ಒಂದಿಷ್ಟೂ ಯೋಚನೆ ಮಾಡದೆ ಹೊರಟಿತು.

ವಾರವೆಲ್ಲಾ ಇದೇ ಕೆಲಸ. ಅಡುಗೆಯ ಪುಟ್ಟತಾಯಮ್ಮನಿಗೆ ಅಯಸ್ಕಾಂತ ಕಲ್ಲಿನ ಮೇಲೆ ಬೀಳುವ ಸದ್ದು ಕೇಳಿ ಕೇಳಿ ತಲೆ ಕೆಟ್ಟಿತು.

"ಸೌದೆ ಎಲ್ಲಪ್ಪ?"

"ಬಂದೆ ಅಕ್ಕ. ಅಮ್ಮನೇ ನನ್ನ ತಡೀತಿದಾರೆ, ಬೇಕೂ ಅಂತ. ಆಗದೇ ಇರೋ ಕೆಲಸ ಕೊಟ್ಟು ಕೂರಿಸಿದಾರೆ."

"ಅದನ್ನ ಅವರಿಗೇ ಹೇಳ್ತೀನಿ, ತಡಿ," ಅಂದಳು ಪುಟ್ಟತಾಯಮ್ಮ. ಹೇಳಿಯೂ ಹೇಳಿದಳು.

ಗುರುವಾರ ಸಂಜೆ ದೇವಮ್ಮಣ್ಣಿ ಅವನನ್ನು ಹಿತ್ತಲಿನ ಕಲ್ಲುಬಾನಿಯ ಹತ್ತಿರ ಕರೆದರು. ಆಡು ನೀರು ಕುಡಿದು ಹೋಗಿತ್ತು. ನೀರು ಅಲುಗದೆ ನಿಂತಿತ್ತು.

"ಕೈ ಹಾಕು. ಜೋರಾಗಿ ಎಳಿ."

ಎಳೆದ. ಬೆರಳುಗಳ ಹಿಂದೆ ಸುಳಿಗಳೆದ್ದವು. ನೀರು ಕೈಯನ್ನು ಹಿಂದಕ್ಕೆ ಜಗ್ಗಿತು.

"ಈಗ ಮೆಲ್ಲಗೆ."

ಮೆಲ್ಲಗೆ ಎಳೆದ. ಸುಳಿ ಸಣ್ಣದಾಯಿತು, ಜಗ್ಗುವುದೂ ಕಡಿಮೆಯಾಯಿತು.

"ಈಗ ನಿಲ್ಲಿಸು. ನೀರು ಏನಂತಿದೆ?"

"ಏನೂ ಅಂತಿಲ್ಲ."

ಹಾಗೆ ಅಂದವನು ಬಾನಿಯೊಳಗೆ ಕೈಯನ್ನು ಇನ್ನೊಮ್ಮೆ ಎಳೆದು, ಇನ್ನೊಮ್ಮೆ ನಿಲ್ಲಿಸಿ ನೋಡಿದ.

"ಅಮ್ಮ, ಅಯಸ್ಕಾಂತ ಯಾವತ್ತೂ ನಿಲ್ಲಲ್ಲ. ಅದು ಓಡಿದ್ರೆ ತಾನೇ ಸುಳಿ? ನಿಂತ ಗಳಿಗೇಲಿ ಸುಳಿ ಸತ್ತುಹೋಗುತ್ತೆ, ತಡೆಯೋದು ಏನೂ ಇರಲ್ಲ, ಮತ್ತೆ ಬೀಳುತ್ತೆ. ಎಷ್ಟು ದಪ್ಪ ತಾಮ್ರ ಇಟ್ರೂ ಅಷ್ಟೆ. ನಿಧಾನ ಮಾಡಬಹುದು, ನಿಲ್ಲಿಸೋಕಾಗಲ್ಲ."

"ಇದನ್ನ ಪುಸ್ತಕದಲ್ಲಿ ಓದಿರಲಿಲ್ವಾ?"

"ಓದಿದ್ದೆ."

"ಮತ್ತೆ ವಾರವೆಲ್ಲಾ ಯಾಕೆ ಕೂತೆ?"

"ನೀವು ನಿಲ್ಲಿಸು ಅಂದ್ರಲ್ಲ. ನಿಂತರೂ ನಿಂತೀತು ಅನ್ನಿಸ್ತು."

"ಬೇಜಾರಾಯ್ತಾ?"

ಗುರುಮಲ್ಲ ಯೋಚಿಸಿದ. ಊಟ ಮರೆತಿದ್ದ, ಸೌದೆ ಮರೆತಿದ್ದ, ಗಿರಣಿಯನ್ನೂ ಮರೆತಿದ್ದ. ಬೇಜಾರು ಮಾತ್ರ ಆಗಿರಲಿಲ್ಲ.

"ಇಲ್ಲ ಅಮ್ಮ."

"ಯಾಕೋ?"

"ಯಾರೂ ಮುಂಚೇನೆ ಹೇಳಿಬಿಡಲಿಲ್ಲವಲ್ಲ..."

ಮಾತು ಹೊರಗೆ ಬಿದ್ದ ಮೇಲೆ ಅದನ್ನು ಅವನೇ ಕೇಳಿಸಿಕೊಂಡ. ಬಾನಿಯಿಂದ ಕೈ ತೆಗೆದ. ಮುಖ ಎತ್ತಲು ಆಗಲಿಲ್ಲ.

"ನಾನು ನಿನ್ನ ತಡೀತಿದೀನಂತೆ. ಪುಟ್ಟತಾಯಿ ಹೇಳಿದ್ಲು," ಅಂದರು ದೇವಮ್ಮಣ್ಣಿ. "ತಡೆ ಗೊತ್ತಾಗ್ತಿದೆ ಅಂದ್ರೆ ನೀನು ಓಡ್ತಿದೀಯ ಅಂತ. ಒಳ್ಳೇದೇ ಆಯ್ತು."

ಮರುದಿನ ಗುರುಮಲ್ಲ ಮಾದೇವಿಯ ಮನೆ ಬಾಗಿಲಿಗೆ ಹೋದ.

"ತಪ್ಪು ನಂದು ಕಣವ್ವ. ನಾಳೆ ಬಾ."

"ನಾನು ಏನೂ ಕೇಳಲ್ಲ," ಅಂದಳು ಅವಳು ಬಾಗಿಲ ಸಂದಿಯಿಂದ.

"ಕೇಳ್ಬೇಡ. ಬಂದು ಕೂತ್ಕೊ, ಸಾಕು."

ಶನಿವಾರ ಬೆಳಿಗ್ಗೆ ಗುರುಮಲ್ಲ ಅಡುಗೆಮನೆಗೆ ಹೋಗಿ ಪುಟ್ಟತಾಯಮ್ಮನನ್ನು ಒಂದು ಕಲ್ಲುಸಕ್ಕರೆ ಕೇಳಿದ. ನಿಂಬೆಹಣ್ಣಿನ ಗಾತ್ರದ್ದೇ ಬೇಕು ಅಂತ ಹಟ ಮಾಡಿದ. ಅದನ್ನು ದವಡೆಗೆ ಒತ್ತಿಕೊಂಡು ಜಗಲಿಗೆ ಬಂದ. ಕರಗುವವರೆಗೂ ಮಾತಿಲ್ಲ, ಕಡಿಯುವ ಹಾಗೂ ಇಲ್ಲ ಅಂತ ತನಗೆ ತಾನೇ ಆಣೆ ಹಾಕಿಕೊಂಡಿದ್ದ.

ದೇವಮ್ಮಣ್ಣಿ ಅವನ ಉಬ್ಬಿದ ಕೆನ್ನೆ ನೋಡಿದರು.

"ಹಲ್ಲುನೋವಾ?"

ತಲೆ ಆಡಿಸಿದ. ಅದು ಹೌದೋ ಅಲ್ಲವೋ ಯಾರಿಗೂ ತಿಳಿಯಲಿಲ್ಲ.

ಮಕ್ಕಳು ಕೂತರು. ಮಾದೇವಿಯೂ ಬಂದಿದ್ದಳು, ಕಂಬದ ಮರೆಯಲ್ಲಿ ಕೂತಿದ್ದಳು.

ಗುರುಮಲ್ಲ ಕೊಳವೆಯನ್ನು ಬೆರಳಿಗೆ ನೇತುಹಾಕಿ ಕಬ್ಬಿಣದ ತುಂಡು ಬಿಟ್ಟ. ಟಣ್ ಅಂತ ಬಿತ್ತು. ಅಯಸ್ಕಾಂತ ಬಿಟ್ಟ. ಅದು ಒಳಗೆ ಹೋಯಿತು, ಹೊರಗೆ ಬರಲಿಲ್ಲ.

ಎಂಥಾ ಮೌನ ಅದು. ಹಿಂದೆ ಎರಡು ಸಲವೂ ಅವನು ಅದನ್ನು ಕೇಳಿರಲೇ ಇಲ್ಲ. ನಾಲಿಗೆಯ ತುದಿಗೆ ಸುಳಿಗಳ ಕಥೆಯೆಲ್ಲಾ ಬಂದು ನಿಂತಿತು. ಕಲ್ಲುಸಕ್ಕರೆಯನ್ನು ಇನ್ನಷ್ಟು ಒತ್ತಿಕೊಂಡ.

ಅಯಸ್ಕಾಂತ ಹೊರಗೆ ಬಂದು ಬಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಇವನು ಮತ್ತೆ ಬಿಟ್ಟ.

ಆಮೇಲೆ ಕೊಳವೆಯನ್ನು ಮಕ್ಕಳ ಕೈಗೆ ಕೊಟ್ಟುಬಿಟ್ಟ.

ಅವರು ಮೊದಲು ನಗುತ್ತಾ ಬಿಟ್ಟರು, ಆಮೇಲೆ ನಗು ನಿಂತಿತು. ಒಬ್ಬ ಮೇಲಿಂದ ಒಂದು ಕಣ್ಣಿಟ್ಟು ಬಗ್ಗಿ ನೋಡಿ, "ಎಲ್ಲೂ ಒರಗದೇನೆ ಇಳೀತಿದೆ ಕಣ್ರೋ," ಅಂದ. ಇನ್ನೊಬ್ಬ ಒಳಗೆ ಗೋಂದು ಇದೆ ಅಂತ ಬಾಜಿ ಕಟ್ಟಿ, ಕಡ್ಡಿ ಹಾಕಿ ಕೆರೆದು ಸೋತ. ಯಾಕೆ ನಿಧಾನ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಲ್ಲ, ಪುಣ್ಯಾತ್ಮ ಮೊದಲ ವಾರವೇ ಹೇಳಿ ಮುಗಿಸಿದ್ದ.

ಒಳಗಿನಿಂದ ಉಪ್ಪಿಟ್ಟಿನ ಒಗ್ಗರಣೆ ವಾಸನೆ ಬಂತು. ಮಕ್ಕಳು ಆ ಕಡೆ ತಿರುಗತೊಡಗಿದರು. ಗುರುಮಲ್ಲನಿಗೆ ಅಳು ಬಂದ ಹಾಗಾಯಿತು. ಆಯಿತಲ್ಲ, ಇನ್ನು ಗಿರಣಿಯೇ ಗತಿ ಅಂದುಕೊಂಡ. ಒಂದು ಮಾತು, ಒಂದೇ ಮಾತು ಆಡಿ ಅವರನ್ನು ಇತ್ತ ತಿರುಗಿಸಬಹುದಿತ್ತು. ಆಡಲಿಲ್ಲ.

ಕೊಳವೆ ಕೊನೆಗೆ ಕಂಬದ ಮರೆಗೆ ಹೋಯಿತು. ಮಾದೇವಿ ಕುಣಿಕೆಯನ್ನು ಬೆರಳಿಗೆ ಹಾಕಿಕೊಂಡು ನೇತುಹಿಡಿದಳು. ಪಕ್ಕದವಳು ಅಯಸ್ಕಾಂತ ಬಿಟ್ಟಳು. ಮಾದೇವಿಯ ಹುಬ್ಬು ಗಂಟಿಕ್ಕಿತು.

"ಇನ್ನೊಂದ್ಸಲ ಬಿಡೇ."

ಬಿಟ್ಟಳು.

"ಈಗ ಕಬ್ಬಿಣ ಬಿಡು."

ಬಿಟ್ಟಳು.

ಮಾದೇವಿ ಎದ್ದು ನಿಂತಳು. ಯಾರೋ "ಮುಂಗಡ ಮಾದೇವಿ" ಅಂದರು. ಅವಳಿಗೆ ಅದು ಕೇಳಿಸಿದ ಹಾಗೆ ಕಾಣಲಿಲ್ಲ.

"ಅಣ್ಣಾ, ಅಯಸ್ಕಾಂತ ಕೊಳವೇನ ಎಲ್ಲೂ ಮುಟ್ತಿಲ್ಲ. ಬೀಳ್ತಾ ಇದೆ. ಆದ್ರೂ ಅದು ಒಳಗಿರೋವಷ್ಟು ಹೊತ್ತೂ ನನ್ನ ಬೆರಳಿಗೆ ಭಾರ ಆಗುತ್ತೆ. ಕಬ್ಬಿಣ ಬಿದ್ರೆ ಆಗಲ್ಲ. ಮುಟ್ಟದೇ ಇರೋದರ ಭಾರ ನನ್ನ ಬೆರಳಿಗೆ ಯಾಕೆ ಬರುತ್ತೆ?"

ಗುರುಮಲ್ಲ ಬಾಯಿ ತೆರೆದ. ಒಳಗೆ ಏನೂ ಇರಲಿಲ್ಲ. ಸುಳಿ ಗೊತ್ತಿತ್ತು, ರೈಲಿನ ಬ್ರೇಕು ಗೊತ್ತಿತ್ತು. ವಾರವೆಲ್ಲಾ ಕೊಳವೆಯನ್ನು ಗೋಡೆಗೆ ಒರಗಿಸಿ, ಮೊಳೆಗೆ ಕಟ್ಟಿ ನೋಡಿದ್ದ. ಬೆರಳಿಗೆ ನೇತುಹಾಕಿದಾಗಲೂ ಅವನ ಗಮನವೆಲ್ಲಾ ಅಯಸ್ಕಾಂತದ ಮೇಲೆ. ತನ್ನ ಬೆರಳಿಗೆ ಏನಾಗುತ್ತಿದೆ ಅಂತ ಒಂದು ದಿನವೂ ನೋಡಿರಲಿಲ್ಲ.

ದೇವಮ್ಮಣ್ಣಿಯ ಕಡೆ ನೋಡಿದ. ಅವರು ನದಿಯ ಕಡೆ ನೋಡುತ್ತಿದ್ದರು.

"ಗೊತ್ತಿಲ್ಲ ಕಣವ್ವ," ಅಂದ ಗುರುಮಲ್ಲ. "ತಡಿ, ನೋಡೇಬಿಡೋಣ."

ಅಡುಗೆಮನೆಗೆ ಓಡಿ ಸ್ಪ್ರಿಂಗ್ ತಕ್ಕಡಿ ತಂದ. ಜಂತೆಗೆ ಅದನ್ನು ತೂಗುಹಾಕಿ, ಅದರ ಕೊಕ್ಕೆಗೆ ಉದ್ದ ದಾರದಲ್ಲಿ ಕೊಳವೆ ಕಟ್ಟಿದ. ಮಕ್ಕಳೆಲ್ಲ ತಕ್ಕಡಿಯ ಮುಳ್ಳಿನ ಮುಂದೆ ತಲೆಗೆ ತಲೆ ತಾಗಿಸಿ ನಿಂತರು.

ಕಬ್ಬಿಣ ಬಿಟ್ಟರು. ಮುಳ್ಳು ಅಲುಗಲಿಲ್ಲ.

ಅಯಸ್ಕಾಂತ ಬಿಟ್ಟರು. ಮುಳ್ಳು ಇಳಿಯಿತು. ಇಳಿದು ಅಲ್ಲೇ ನಿಂತಿತು. ಅಯಸ್ಕಾಂತ ಹೊರಗೆ ಬಿದ್ದದ್ದೇ ಮುಳ್ಳು ಮೇಲೆ ಹೋಯಿತು.

ಮಾದೇವಿ ಅಯಸ್ಕಾಂತವನ್ನೊಂದೇ ತಕ್ಕಡಿಗೆ ಕಟ್ಟಿ ತೂಗಿಸಿದಳು. ಮುಳ್ಳು ಆಗ ಎಷ್ಟು ಇಳಿದಿತ್ತೋ ಈಗಲೂ ಅಷ್ಟೇ ಇಳಿಯಿತು.

"ಪೂರ್ತಿ ಅದರದ್ದೇ ಭಾರ," ಅಂದಳು ಮೆಲ್ಲಗೆ.

ಆಮೇಲೆ ಜಗಲಿಯ ಮೇಲೆ ಯಾರ ಮಾತು ಯಾರಿಗೂ ಕೇಳಿಸಲಿಲ್ಲ. ಹಂಗಾದ್ರೆ ತಾಮ್ರ ಅದನ್ನ ಹೊತ್ಕೊಂಡಿದ್ಯಾ? ಕೊಳವೆ ಸೀಳಿದ್ರೆ? ಎರಡು ಅಯಸ್ಕಾಂತ ಒಟ್ಟಿಗೆ ಬಿಟ್ರೆ? ಪುಟ್ಟತಾಯಮ್ಮ ಉಪ್ಪಿಟ್ಟು ಆರಿ ಕಲ್ಲಾಗ್ತಿದೆ ಅಂತ ಬಂದು ಕರೆದಳು. ಒಬ್ಬರೂ ಏಳಲಿಲ್ಲ. ಗುರುಮಲ್ಲನ ಬಾಯಲ್ಲಿ ಕಲ್ಲುಸಕ್ಕರೆ ಯಾವಾಗ ಕರಗಿತೋ ಅವನಿಗೇ ತಿಳಿಯದು.

ಸೋಮವಾರ ಬೆಳಿಗ್ಗೆ ಅವನು ಗಂಟು ಕಟ್ಟಿಕೊಂಡು ಹೊರಟ. ನದಿಯಾಚೆ ಹೋಗುವ ದೋಣಿ ಮೆಟ್ಟಿಲ ಹತ್ತಿರ ಕಾಯುತ್ತಿತ್ತು. ದೇವಮ್ಮಣ್ಣಿ ಅಲ್ಲಿಯವರೆಗೆ ಬಂದರು. ಕೈಯಲ್ಲಿ ಕೊಳವೆ ಇತ್ತು.

ಅವನು ಕಾಲಿಗೆ ಬಿದ್ದು ಎದ್ದ. ಕಣ್ಣು ತುಂಬಿತ್ತು.

"ಒಂದು ಮಾತು ಕೇಳಲಾ ಅಮ್ಮ? ತಪ್ಪು ತಿಳ್ಕೋಬೇಡಿ."

"ಕೇಳು."

"ಮೂರು ವರ್ಷ ನಾನು ಬೀಳ್ತಾನೇ ಇದ್ದೆ. ನಿಮ್ಮ ಕಣ್ಣೆದುರಿಗೇ. ಎಲ್ಲಿ ತಪ್ತಿದೀನಿ ಅಂತ ನಿಮಗೆ ಗೊತ್ತಿತ್ತು. ಒಂದು ದಿನವಾದ್ರೂ ಕೈ ಕೊಟ್ಟು ಹಿಡೀಲಿಲ್ಲ. ನನ್ನ ಮೇಲೆ ನಿಮಗೆ ಅಷ್ಟು ಅಕ್ಕರೇನೂ ಇರಲಿಲ್ವಾ?"

ದೇವಮ್ಮಣ್ಣಿ ಅವನ ಬಲಗೈ ಹಿಡಿದು, ತೋರುಬೆರಳಿಗೆ ಕೊಳವೆಯ ಕುಣಿಕೆ ಹಾಕಿದರು. ಮೇಲಿನಿಂದ ಅಯಸ್ಕಾಂತವನ್ನು ಒಳಗೆ ಬಿಟ್ಟರು.

ದಾರ ಅವನ ಬೆರಳನ್ನು ಒತ್ತಿತು. ಅಯಸ್ಕಾಂತ ಇಳಿಯುತ್ತಲೇ ಇತ್ತು.

"ಮುಟ್ತಿದ್ಯಾ?"

"ಇಲ್ಲ ಅಮ್ಮ."

"ಭಾರ?"

"ಇದೆ."

ಕೊಳವೆಯ ಕೆಳಗೆ ಅಂಗೈ ಒಡ್ಡಿ ಅವರು ಅಯಸ್ಕಾಂತವನ್ನು ಹಿಡಿದುಕೊಂಡರು. ಅದನ್ನು ಅವನ ಗಂಟಿನೊಳಗೆ ಹಾಕಿ ಬಿಗಿದರು.

"ಮೂರು ವರ್ಷದಿಂದ ನನ್ನ ಬೆರಳು ನೋಯ್ತಿತ್ತು ಕಣೋ ಗುರುಮಲ್ಲು. ಹೋಗು, ಇನ್ಮೇಲೆ ನಿಂದು ನೋಯಲಿ."